ಅರ್ಧ ಹೆಸರಿನ ಡಬ್ಬಿ

ಸಾಲ್ಯಾಗ ಏಳನೇತ್ತಾ ದಾಟಲಾರದಾಂವ ನನ್ನ ಖಾರಪುಡಿಗೆ ಹೆಸರು ಬರದಾನ, ನೋಡ್ರಿ, ಎಲ್ಲಾರೂ ಓದ್ರಿ — ಶೇಖಪ್ಪ ಸಾವಕಾರ ಡಬ್ಬಿಯನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಾನೆ, ನಾನು ಕೆಂಪಕ್ಷರದಲ್ಲಿ ಬರೆದ ಹಳದಿ ಲೇಬಲನ್ನು ಈಗಷ್ಟೇ ಸುತ್ತಿದ ಡಬ್ಬಿ, ಅಂಟು ಕೂಡ ಒಣಗಿಲ್ಲ, ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ಹೆಂಗಸರು ಕತ್ತೆತ್ತಿದರು, ಹಮಾಲರು ಚೀಲ ಬೆನ್ನ ಮೇಲಿದ್ದಂತೆಯೇ ನಿಂತರು, ಓದು ಬಾರದ ಅಮೀರಬಿ ಏನೈತ್ರೀ ಅದರಾಗ ಎಂದಳು, ಬ್ಯಾಡ ಅಂತೈತಿ ಬೇ, ಖಾರಪುಡಿ ಬ್ಯಾಡ, ಕೊಳ್ಳಬ್ಯಾಡ್ರಿ ಅಂತ ಮಂದಿಗೆ ಹೇಳಾಕ ಡಬ್ಬಿ ಮಾಡಿಸೇನಿ ನಾನು — ನಗು, ಘಾಟಿನ ಕೆಮ್ಮಿನೊಳಗಿಂದ ನಗು, ಸುಳ್ಳು ಬೊಗಳುತ್ತಾನೆ, ಬ್ಯಾಡಗಿ ಎಂದೇ ಬರೆದಿದ್ದೇನೆ, ಕಿತ್ತುಕೊಂಡು ಅವನ ಮುಖಕ್ಕೇ ಎಸೆಯಬೇಕು, ಗಿ ಎಲ್ಲಿ, ಇದೆ, ಗಿ ಇದೆ — ದುಂಡು ಡಬ್ಬಿಯ ಆಚೆ ಮಗ್ಗುಲಿಗೆ ಸರಿದಿದೆ. ನನ್ನ ಕಡೆ ನೋಡುತ್ತಿರುವುದು ಬ್ಯಾಡ ಒಂದೇ.

ಹದಿನೈದು ದಿನ ಹಾಳೆಯನ್ನು ಚಪ್ಪಟೆ ಹಾಸಿ ಬರೆದೆ, ಅಲ್ಲಿ ಅದು ಪೂರಾ ಊರಿನ ಹೆಸರಾಗಿತ್ತು, ಹಳೆಯ ಡಬ್ಬಿಗಳ ಹಾಗೆ ಅಕ್ಷರದ ನಡುವೆ ಧಾರಾಳ ಜಾಗ, ಸುತ್ತ ಬಳ್ಳಿ, ಕೆಳಗೊಂದು ನವಿಲು — ಆ ನವಿಲು ಅಜ್ಜಿ ಮುದುಕವ್ವನ ಚಹಾಪುಡಿ ಡಬ್ಬಿಯದು, ತುಕ್ಕು ತಿಂದು ಒಂದು ಕಣ್ಣು ಹೋಗಿತ್ತು, ತೊಡೆಯ ಮೇಲಿಟ್ಟು ತಿರುಗಿಸುತ್ತಿದ್ದೆ, ತಿರುಗಿಸಿದರೆ ಬಾಲ, ಇನ್ನೂ ತಿರುಗಿಸಿದರೆ ಕೊಳ, ಕೊಳದ ದಂಡೆಗೆ ಕೊಡ ಹೊತ್ತವಳು, ಗಣಿತದ ನೋಟಬುಕ್ಕಿನ ತುಂಬ ಕಡ್ಡಿಪೆಟ್ಟಿಗೆಯ ಚಿತ್ರ ಅಂಟಿಸಿದ್ದಕ್ಕೆ ಮಾಸ್ತರ ಬಾಗಿಲು ತೋರಿಸಿದ ದಿನವೂ ಅದನ್ನೇ ತಿರುಗಿಸುತ್ತ ಕೂತಿದ್ದೆ, ಮತ್ತೆ ಶಾಲೆಯ ಕಡೆ ಹಾಯಲಿಲ್ಲ, ಹಾವೇರಿಯಲ್ಲಿ ಬೋರ್ಡು ಬರೆಯುವ ಶಮಶೇರಸಾಬನ ಬ್ರಶ್ ತೊಳೆದು ತೊಳೆದು ಅಕ್ಷರ ಕಲಿತೆ, ಅವನೇ ಅಂದಿದ್ದ, ಶೇಖಪ್ಪಂದು ಪಾಸಾತಂದ್ರ ಲೇಬಲ್ ಕೆಲಸೆಲ್ಲಾ ನಿಂದೇ ಬೇಟಾ, ಇಲ್ಲಾಂದ್ರ ನಿಮ್ಮಣ್ಣನ ಹಿಂದ ಕುಮಾರಪಟ್ಟಣದ ಕಾರಖಾನಿಗೆ ಹೋಗಿ ಲಾರಿ ಕಟಗಿ ಇಳಸು — ಕೊಳ್ಳುವವರು ತಿರುಗಿಸುವುದಿಲ್ಲ, ಕಪಾಟಿನಲ್ಲಿ ಎದುರಿಗೆ ಕಂಡಷ್ಟೇ ಅವರಿಗೆ ಡಬ್ಬಿ, ನಾನು ಹುಟ್ಟಿದಾಗಿನಿಂದ ತಿರುಗಿಸಿಯೇ ನೋಡಿದವನು, ಒಮ್ಮೆಯೂ ದೂರ ನಿಂತು ನೋಡಲಿಲ್ಲ, ಒಮ್ಮೆಯೂ — ಮುಷ್ಟಿ ಬಿಗಿದಿದೆ, ಯಾರಿಗೆ ಹೊಡೆಯಲಿ, ಬರೆದವನು ನಾನೇ, ಹುಬ್ಬಳ್ಳಿಯಿಂದ ಪ್ಲಾಸ್ಟಿಕ್ ಪಾಕೀಟು ತರಸ್ತೇನಿ ಬಿಡು, ಈ ಅಜ್ಜಾರ ಕಾಲದ್ದು ಯಾರಿಗೆ ಬೇಕಾಗೇತಿ, ಎಂದು ಸಾವಕಾರ ಡಬ್ಬಿಯನ್ನು ತಕ್ಕಡಿಯ ಪಕ್ಕ ಕುಕ್ಕಿದ, ಚಹಾದ ಕಿಟ್ಲಿ ಬಂತು, ಅವನ ದನಿ ಒಮ್ಮೆಲೇ ಮೆತ್ತಗಾಯಿತು, ಸಿಟ್ಟಿಗೇಳಬ್ಯಾಡೋ ತಮ್ಮಾ, ನವಿಲು ಖರೇನ ಛಲೋ ಐತಿ, ಚಾ ಬೇಕೇನು — ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ, ಅಮೀರಬಿ ನಗು ಅಡಗಿಸಲು ಆಗಲೇ ಸೆರಗು ಬಾಯಿಗಿಟ್ಟಿದ್ದಾಳೆ, ಚಹಾ ನಿರಾಕರಿಸಲು ನನಗೆ ಗೊತ್ತಿರುವುದು ಒಂದೇ ಮಾತು, ನಾಲಗೆಯ ತುದಿಗೆ ಬಂದು ನಿಂತಿದೆ, ಕೆಂಪಾಗಿ, ದುಂಡಗೆ — ಹಲ್ಲು ಕಚ್ಚಿದೆ, ಕಾಯಿ ರಾಶಿ ಬಳಸಿ ನಡೆದೆ, ತಮ್ಮಾ, ಬೇಕೋ ಬ್ಯಾಡೋ ಬಾಯಿಬಿಟ್ಟು ಹೇಳು, ನಡೆದೆ, ಗೇಟು, ಸ್ಟೇಶನ್ ರಸ್ತೆ, ಬಿಸಿಲು, ಕಣ್ಣೆದುರು ಹಳದಿಯ ಮೇಲೆ ಆ ಕೆಂಪು, ಗಿ ಇಲ್ಲದೆ, ತಿರುಗದೆ, ತಿರುಗದೆ