ಪಂಡರಿಯ ತೂಕದ ಮಣಿ

ಇದು ನಡೆದದ್ದೇ. ಸುಳ್ಳಾಗಿದ್ದರೆ ನಾನು ಈ ಕಟ್ಟೆಯಿಂದ ಏಳುವಾಗ ನನ್ನ ಎರಡೂ ಮೊಣಕಾಲು ಇಲ್ಲೇ ಉಳಿದುಬಿಡಲಿ. ಅಲ್ಲಲ್ಲಿ ಮಾತು ಸ್ವಲ್ಪ ಹಿಗ್ಗೀತು, ಅದು ಬಾಯಿಯ ಚಟ. ಆದರೆ ತುಳಜಾಬಾಯಿಯ ಕೈಯ ಮಾತು ಬಂದಾಗ ಒಂದು ಎಳ್ಳಿನಷ್ಟೂ ಸೇರಿಸುವುದಿಲ್ಲ.

ಬಸವಕಲ್ಯಾಣದಲ್ಲಿ, ಕೋಟೆಯ ಕಡೆಗೆ ಹೋಗುವ ಓಣಿಯಲ್ಲಿ, ಪಂಡರಿ ಅಂತ ಒಬ್ಬ ಗಾಜಿನ ಮಣಿ ಮಾಡುವವನಿದ್ದ. ತುಳಜಾಬಾಯಿ ಅವನ ಹೆಂಡತಿ. ಪಂಡರಿ ಒಡೆದ ಬಳೆಯ ಚೂರುಗಳನ್ನು ಮಣ್ಣಿನ ಮೂಸೆಯಲ್ಲಿ ಕರಗಿಸಿ, ಕಬ್ಬಿಣದ ತಂತಿಗೆ ಸುತ್ತಿ ಮಣಿ ತೆಗೆಯುತ್ತಿದ್ದ. ಅವಳು ಪೋಣಿಸುತ್ತಿದ್ದಳು. ಹುಲಸೂರ, ಘಾಟಬೋರಾಳದ ಕಡೆಯ ಕುರಿ ಮೇಯಿಸುವ ಮಂದಿಗೆ ಅವರ ಸರವೇ ಆಗಬೇಕು. ಹೆಂಗಸರ ಕೊರಳಿಗೆ, ಕೂಸಿನ ಸೊಂಟಕ್ಕೆ, ಮುದ್ದಿನ ಕುರಿ ಇದ್ದರೆ ಅದರ ಕುತ್ತಿಗೆಗೂ.

ತುಳಜಾಬಾಯಿ ಪೋಣಿಸುವುದು ಬೆರಳಿನಿಂದಲ್ಲ, ಬಾಯಿಯಿಂದ. ಒಂದು ಮುಷ್ಟಿ ಮಣಿಯನ್ನು ಎಡದವಡೆಗೆ ತುಂಬಿಕೊಳ್ಳುವಳು. ಬಾಯಿ ಒಣಗಬಾರದೆಂದು ಬಲದವಡೆಯಲ್ಲಿ ಒಂದು ಹುಣಸೆಹಣ್ಣಿನ ಚೂರು. ಮೇಣ ಹಚ್ಚಿದ ದಾರದ ತುದಿಯನ್ನು ತುಟಿಯ ಮೂಲೆಯಿಂದ ಒಳಗೆ ಬಿಟ್ಟರೆ, ನಾಲಿಗೆಯೇ ಮಣಿಯ ತೂತು ಹುಡುಕಿ ದಾರಕ್ಕೆ ಏರಿಸುತ್ತಿತ್ತು. ಅವಳ ತಾಯಿಯೂ ಹೀಗೆಯೇ, ಅವಳ ಅಜ್ಜಿಯೂ ಹೀಗೆಯೇ. ಒಮ್ಮೆ ಅವಳಿಗೆ ಸೀನು ಬಂದು, ಇಪ್ಪತ್ತೊಂದು ಮಣಿಯ ಸರವೊಂದು ಗಂಟು ಸಮೇತ ಹಾರಿ ಎದುರುಮನೆಯ ಎಮ್ಮೆಯ ಕೊಂಬಿಗೆ ಬಿತ್ತು ಅಂತ ಪಂಡರಿ ಹೇಳಿಕೊಂಡು ತಿರುಗುತ್ತಿದ್ದ. ಎಮ್ಮೆ ಅದನ್ನು ವಾಪಸು ಕೊಡಲಿಲ್ಲವಂತೆ.

ಪಂಡರಿಗೆ ಒಂದೇ ಕಷ್ಟ. ಬಳೆಯ ಚೂರು ಬೇಗ ಕರಗುತ್ತಿರಲಿಲ್ಲ. ಅರ್ಧ ದಿನ ತಿದಿ ಒತ್ತಬೇಕು, ಮೂಟೆಗಟ್ಟಲೆ ಇದ್ದಿಲು ಸುಡಬೇಕು. ಎಪ್ಪತ್ನಾಲ್ಕರಲ್ಲಿ ಹುಮನಾಬಾದಿನ ಹೆದ್ದಾರಿಯಲ್ಲಿ ಲಾರಿ ಬ್ಯಾಟರಿ ರಿಪೇರಿ ಮಾಡುವ ಅಬ್ದುಲ್ ರಜಾಕ್ ಅವನಿಗೆ ಒಂದು ಯುಕ್ತಿ ಹೇಳಿದ.

“ಬ್ಯಾಟರಿ ಪ್ಲೇಟಿನ ಸೀಸ ಹಾಕಿ ನೋಡು ಭಾಯ್. ಗಾಜು ಬೆಲ್ಲದಂಗ ಕರಗ್ತದ. ನಮ್ಮ ಮಾಮು ಬಳೆ ಭಟ್ಟಿಯಾಗ ಹಂಗ ಮಾಡ್ತಿದ್ರು. ಆದರ ಮುಟ್ಟಿದ ಕೈ ತೊಳಕೊಂಡ ಉಣ್ಣು. ಇದು ಛಲೋ ಜಿನಸಲ್ಲ.”

ಪಂಡರಿ ಬೆಲ್ಲದ ತನಕ ಕೇಳಿದ, ಮುಂದಿನದನ್ನು ಕೇಳಲಿಲ್ಲ.

ಮಣಿಯೇನೋ ಬಂತು. ಎಂಥ ಮಣಿ. ತಾಮ್ರದ ತಂತಿಯ ಪುಡಿ ಸೇರಿಸಿದ್ದರಿಂದ ನವಿಲಿನ ಕೊರಳಿನ ಹಸಿರು, ಎಣ್ಣೆ ಹಚ್ಚಿದ ಹಾಗೆ ಹೊಳಪು, ಕೈಗೆ ತೂಕ. ಪಂಡರಿ ಸಂತೆಯಲ್ಲಿ ಕೂತು ಕತೆ ಕಟ್ಟಿದ. “ಹುಲಸೂರ ಕಡಿ ಒಂದ್ ತೋಳ ಈ ಮಣಿ ಕಟ್ಟಿದ ಕುರಿಗಿ ಬಾಯಿ ಹಾಕಿ ಹಲ್ಲೆಲ್ಲ ಉದುರಿಸ್ಕೊಂಡದ. ಈಗ ಪಾಪ, ಮಜ್ಜಿಗಿ ಅನ್ನ ಉಣ್ಣಾಕತ್ತದ.” ಮಂದಿ ನಕ್ಕರು, ಕೊಂಡರು. ನಕ್ಕಷ್ಟೂ ಅವನ ನಾಲಿಗೆ ಉದ್ದವಾಯಿತು. “ಹಲ್ಲ ಬರೋ ಕೂಸಿಗಿ ಕಚ್ಚಾಕ ಕೊಡ್ರಿ. ಹುಲಿಗಿ ಬಂದಂಗ ಬರ್ತಾವ.” ಈ ಕೊನೆಯ ಮಾತು ಅವನು ಆ ಗಳಿಗೆಯಲ್ಲಿ, ಬಾಯಿಗೆ ಬಂತೆಂದು ಹೇಳಿದ್ದು. ಆಮೇಲೆ ಎಷ್ಟೋ ವರ್ಷ ಅವನ ನಿದ್ದೆ ಕೆಡಿಸಿದ್ದೂ ಇದೇ ಮಾತು.

ಒಂದು ದಿನ ತುಳಜಾಬಾಯಿ ದಾರ ಎಳೆಯುತ್ತ ಅಂದಳು, “ಈ ಮಣಿ ಬಾಯಾಗ ಸಿಹಿ ಹತ್ತಾಕತ್ತದರಿ. ಮೊದಲಿನ ಮಣಿ ಹಿಂಗಿರ್ಲಿಲ್ಲ.”

“ನನ್ನ ಕೈಗುಣ ಅದು,” ಅಂದ ಪಂಡರಿ. ಮರುದಿನದಿಂದ ಸಂತೆಯಲ್ಲಿ ಅದು ‘ಸಿಹಿ ಮಣಿ’ ಆಯಿತು.

ಎರಡನೆಯ ವರ್ಷ ಅವಳಿಗೆ ಹೊಟ್ಟೆ ಹಿಂಡುವ ನೋವು ಶುರುವಾಯಿತು. ಊಟ ಸೇರದು, ಮುಖ ಬಿಳಿಚಿತು, ಕೊಡ ಎತ್ತಿದರೆ ಕೈ ನಡುಗುವುದು. ಪಂಡರಿ ಅವಳನ್ನು ಹುಮನಾಬಾದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಕೇಳಿದರು, “ಬಾಯಾಗ ಏನರ ಹಾಕ್ಕೋತಾರೇನು? ತಂಬಾಕ, ಮಣ್ಣು, ಬಳಪ?”

ತುಳಜಾಬಾಯಿ ಬಾಯಿ ತೆರೆಯುವುದರೊಳಗೆ ಪಂಡರಿ ಹೇಳಿಬಿಟ್ಟ. “ಏನಿಲ್ರಿ ಸಾಹೇಬ್ರ. ರೊಟ್ಟಿ, ಪುಂಡಿಪಲ್ಯ, ಅಷ್ಟೇ.”

ಡಾಕ್ಟರು ಜಂತಿನ ಔಷಧ ಬರೆದರು. ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

“ಮಣಿ ಮಾತ ಯಾಕ ಹೇಳಲಿಲ್ರಿ?”

“ದವಾಖಾನಿ ಬೆಂಚಿನ ಮ್ಯಾಗ ಕುಂತಿದ್ಳಲ್ಲ ಆ ಹೆಣ್ಮಗಳು, ಆಕಿ ಕೊರಳಾಗ ನಮ್ಮ ಸರಾ ಇತ್ತು. ಮಣಿಯಾಗ ಐಬ ಅದ ಅಂತ ಆಕಿ ಕಿವಿಗಿ ಬಿದ್ರ ಸಂತಿ ತುಂಬ ಸುದ್ದಿ ಆಗ್ತಿತ್ತು.”

“ನನಗೂ ಒಂದ್ ಕೊರಳ ಅದರಿ,” ಅಂದಳು.

ಪಂಡರಿ ಅದನ್ನು ನಗೆಯಲ್ಲಿ ತೇಲಿಸಿದ. ಈ ಲಗ್ನದ ಹಂಗಾಮ ಒಂದು ಮುಗಿಯಲಿ, ಆಮೇಲೆ ಸೂಜಿಯಿಂದ ಪೋಣಿಸುವಿಯಂತೆ ಅಂದ. ಸೂಜಿಯಿಂದಾದರೆ ದಿನಕ್ಕೆ ನಾಲ್ಕು ಸರ, ಬಾಯಿಂದಾದರೆ ಹದಿನೈದು. ಅವಳು ಮತ್ತೆ ದವಡೆ ತುಂಬಿಕೊಂಡಳು. ಅವನು ಅದನ್ನು ನೋಡಿದ. ನೋಡಿಯೂ ತಿದಿ ಒತ್ತಿದ.

ಹಂಗಾಮ ಮುಗಿಯಲು ಎಂಟು ದಿನ ಇತ್ತು. ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಡುವೆಯೇ ನಿಂತಿತು. ಪಂಡರಿ ಒಳಗೆ ಹೋಗಿ ನೋಡಿದರೆ ತುಳಜಾಬಾಯಿ ಬಲಗೈಯನ್ನು ಮುಂದೆ ಹಿಡಿದು ಕೂತಿದ್ದಳು. ಮಣಿಕಟ್ಟಿನಿಂದ ಕೆಳಗೆ ಅಂಗೈ ಜೋತುಬಿದ್ದಿತ್ತು, ಒದ್ದೆ ಬಟ್ಟೆಯ ಹಾಗೆ. ಎತ್ತಲು ನೋಡಿದಳು, ಬರಲಿಲ್ಲ. ಎಡಗೈಯಿಂದ ಎತ್ತಿ ಬಿಟ್ಟಳು, ಮತ್ತೆ ಬಿತ್ತು. ಅಳಲಿಲ್ಲ. ಯಾರದೋ ಕೈ ಇದು ಅನ್ನುವ ಹಾಗೆ ನೋಡುತ್ತಿದ್ದಳು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು.

ಈ ಸಲ ಡಾಕ್ಟರು ಅವಳ ಕೆಳತುಟಿ ಮಗುಚಿ ನೋಡಿದರು. ಹಲ್ಲಿನ ಬುಡದ ವಸಡಿಗೆ ಕಾಡಿಗೆ ಎಳೆದಂಥ ನೀಲಿಗಪ್ಪು ಗೆರೆ. ಅವರು ಕೇಳುವ ಮೊದಲೇ ಪಂಡರಿ ಎಲ್ಲ ಹೇಳಿದ. ದವಡೆ, ಹುಣಸೆಹಣ್ಣು, ಬ್ಯಾಟರಿ, ಸಿಹಿ, ಎಲ್ಲ.

“ಹೋದ ಸಲ ಕೇಳಿದ್ನಲ್ಲ,” ಅಂದರು ಡಾಕ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಪಂಡರಿಗೆ ಅನ್ನಿಸಿತು. “ಗಾಜಿನಾಗ ಸೀಸ ಹೆಚ್ಚಾದ್ರ ಹುಳಿಗಿ ಬಿಟ್ಕೋತದ. ಹುಣಸಿಹಣ್ಣ ಅದನ್ನ ಎಳದ ಎಳದ ಈಕಿ ಹೊಟ್ಟಿಗಿ ಕೊಟ್ಟದ. ಇನ್ನ ಮುಟ್ಟಬ್ಯಾಡ್ರಿ. ಹೊಟ್ಟಿ ನೋವು ಹೋಗ್ತದ. ಕೈ ಮಾತ್ರ ಹೇಳಾಕ ಬರೂದಿಲ್ಲ.” ಆಮೇಲೆ ಕೇಳಿದರು, “ಕೂಸುಗಳಿಗೂ ಮಾರೀರೇನು? ಅವು ಚೀಪಿದ್ರ ಇದಕ್ಕಿಂತ ಕೆಟ್ಟ.”

ಪಂಡರಿ ಮನೆಗೆ ಬಂದು ಮೂಸೆ ಒಡೆದ. ಮರುದಿನವೇ, ಸರದ ಬದಲಿಗೆ ಕಟ್ಟಿಕೊಡಲು ಬರಿಯ ಕರಿದಾರದ ಉಂಡೆ ತೆಗೆದುಕೊಂಡು, ಮಾರಿದ ಸರಗಳನ್ನು ವಾಪಸು ತರಲು ಹೊರಟ. ಘಾಟಬೋರಾಳದ ಕುರಿಹಟ್ಟಿಯಲ್ಲಿ ಮುದುಕಿ ರುಕ್ಮಿಣಿಬಾಯಿ ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಕೂಸು ಸೊಂಟದ ಹಸಿರು ಸರವನ್ನು ಬಾಯಿಗೆ ಎಳೆದುಕೊಂಡು ಜೊಲ್ಲು ಸುರಿಸುತ್ತ ಕಡಿಯುತ್ತಿತ್ತು. ಪಂಡರಿ ಹೋಗಿ ಮುದುಕಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

“ಯವ್ವಾ, ಆ ಸರಾ ಬಿಚ್ಚಿ ಕೊಡು. ಅದರಾಗ ವಿಷ ಅದ.”

ಮುದುಕಿ ನಗತೊಡಗಿದಳು. “ಹೊಸ ಕತಿ ತಂದ್ಯಾ ಪಂಡರಿ? ಮೊನ್ನಿ ತೋಳದ ಹಲ್ಲ ಉದುರಿತ್ತು. ಇವತ್ತೇನು ಉದುರತದ?”

“ಖರೇ ಹೇಳಾಕತ್ತೇನಿ ಯವ್ವಾ. ನನ್ನ ಹೆಣ್ತಿ ಕೈ ಬಿದ್ದದ.”

“ಕೈ ಬಿತ್ತಾ? ಹುಡುಕಿದಿ ಇಲ್ಲ?”

ಸುತ್ತ ಕೂತವರೆಲ್ಲ ನಕ್ಕರು. ಅವರಲ್ಲಿ ಮಹಾರುದ್ರಪ್ಪ ಅನ್ನುವ ಕುರಿಗಾರ, ಸರದ ರೇಟು ಏರಿರಬೇಕು, ಅದಕ್ಕೇ ಇವನು ಪುಕ್ಕಟೆ ವಾಪಸು ಕೇಳುತ್ತಿದ್ದಾನೆ ಅಂದ. ಪಂಡರಿ ಆಣೆ ಹಾಕಿದ. ಆಣೆ ಹಾಕಿದಷ್ಟೂ ಕತೆ ರುಚಿಯಾಯಿತು. ಕಣ್ಣಲ್ಲಿ ನೀರು ಬಂತು. ಅದಕ್ಕೂ, ಏನ್ ಸೋಗ ಹಾಕ್ತಾನ ಅಂತ ಮೆಚ್ಚಿದರು. ಮೂರು ದಿನ ತಿರುಗಿ ಅವನು ತಂದದ್ದು ಎರಡು ಸರ. ಅದರಲ್ಲಿ ಒಂದು ಕುರಿಯದು.

ತುಳಜಾಬಾಯಿ ಎಲ್ಲ ಕೇಳಿ, “ನಾಳಿ ನಾನೂ ಬರ್ತೀನಿ,” ಅಂದಳು.

“ಬ್ಯಾಡ. ನಿನ್ನ ಮಂದಿ ಮುಂದ ನಿಲ್ಲಸಾಂಗಿಲ್ಲ ನಾ.”

“ನಿಮ್ಮ ಮಾತು ಯಾರ ನಂಬ್ತಾರ್ರಿ? ಕೂಸುಗೋಳು ಕಡೀಲಾಕತ್ತಾವ.”

ಮತ್ತೆ ಘಾಟಬೋರಾಳ. ಅವಳು ರುಕ್ಮಿಣಿಬಾಯಿಯ ಮುಂದೆ ಕೂತು, ಸೆರಗು ಸರಿಸಿ, ಬಲಗೈ ಚಾಚಿದಳು. ಅಂಗೈ ಜೋತುಬಿತ್ತು. ತುಟಿಯನ್ನು ಎಡಗೈಯಿಂದ ಮಗುಚಿ ವಸಡಿನ ಗೆರೆ ತೋರಿಸಿದಳು. ಮುದುಕಿ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಕೂಸಿನ ಸರದ ದಾರ ಹರಿಯಲು ಬಗ್ಗಿ ಹಲ್ಲು ಹಚ್ಚಿದಳು.

“ಹಲ್ಲಿಲೆ ಬ್ಯಾಡವ್ವಾ,” ಅಂದಳು ತುಳಜಾಬಾಯಿ. ಅಷ್ಟೇ ಅವಳು ಆಡಿದ ಮಾತು.

ಅಲ್ಲಿಂದ ಹಟ್ಟಿ ಹಟ್ಟಿ ತಿರುಗಿದರು, ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯವರೆಗೆ. ಪ್ರತಿ ಬಾಗಿಲಲ್ಲೂ ಅವಳು ಸೆರಗು ಸರಿಸಿ ಕೈ ಚಾಚುವಳು. ಪಂಡರಿ ಹಿಂದೆ ದಾರದ ಉಂಡೆ ಹಿಡಿದು ತಲೆ ತಗ್ಗಿಸಿ ನಿಲ್ಲುವನು. ಮೂರು ಕೂಸುಗಳು ಬಿಳಿಚಿಕೊಂಡು ಸೊರಗಿದ್ದವು. ಅವುಗಳ ತಾಯಂದಿರು ಕೂಸನ್ನು ಎತ್ತಿಕೊಂಡು ಒಳಗೆ ಹೋದರು. ಎರಡನ್ನು ಡಾಕ್ಟರು ಉಳಿಸಿಕೊಟ್ಟರು. ಮೂರನೆಯದರ ಮಾತು ಪಂಡರಿ ಯಾರ ಮುಂದೆಯೂ ಆಡಲಿಲ್ಲ, ನಾನೂ ಆಡುವುದಿಲ್ಲ. ಬಂದ ಸರಗಳನ್ನೆಲ್ಲ ಊರಾಚೆಯ ಹಾಳು ಸುಣ್ಣದ ಗುಂಡಿಯಲ್ಲಿ ಪಂಡರಿ ಆಳುದ್ದ ಅಗೆದು ಹೂತ.

ತುಳಜಾಬಾಯಿಯ ಹೊಟ್ಟೆ ನೋವು ಹೋಯಿತು. ಎರಡು ಬೆರಳು ಅಲುಗತೊಡಗಿದವು. ಮಣಿಕಟ್ಟು ಏಳಲಿಲ್ಲ. ಎಡಗೈಯಿಂದ ರೊಟ್ಟಿ ಬಡಿದರೆ ಅದು ಒಂದೊಂದು ದಿನ ಒಂದೊಂದು ಜಿಲ್ಲೆಯ ನಕಾಶೆಯ ಹಾಗೆ ಬರುತ್ತಿತ್ತು. ಪಂಡರಿ ಮಾತಿಲ್ಲದೆ ಉಣ್ಣುತ್ತಿದ್ದ.

“ಏನರ ಒಂದ್ ಸುಳ್ಳ ಹೇಳ್ರಿ,” ಅಂದಳು ಒಂದು ದಿನ. “ಮನಿ ಬಿಕೋ ಅನ್ನಾಕತ್ತದ.”

ಅವನು ಬಾಯಿ ತೆರೆದ. ಎಮ್ಮೆ ನೆನಪಾಯಿತು, ತೋಳ ನೆನಪಾಯಿತು. “ರೊಟ್ಟಿ ಛಲೋ ಆಗ್ಯಾವ,” ಅಂದ. ಅವಳು ನಗಲಿಲ್ಲ, ಅವನೂ ನಗಲಿಲ್ಲ.

ಮಾರಿದ ಸರಗಳೆಲ್ಲ ಸಿಗಲಿಲ್ಲ ನೋಡಿ. ಕೆಲವು ಬಳುವಳಿಯಾಗಿ ಹೋದವು, ಕೆಲವು ಪೆಟ್ಟಿಗೆ ಸೇರಿದವು, ಇನ್ನೂ ಯಾರದೋ ಕೊರಳಲ್ಲಿ ಹೊಳೆಯುತ್ತಿವೆ. ಆಗಿನಿಂದ ನೋಡುತ್ತಿದ್ದೇನೆ, ನೀವು ಕತೆ ಕೇಳುತ್ತ ಕೇಳುತ್ತ ಕೊರಳ ಸರವನ್ನು ತುಟಿಗೆ ಹಚ್ಚಿಕೊಂಡು ಕೂತಿದ್ದೀರಿ. ಅದು ಯಾವ ಗಾಜು, ನಿಮ್ಮ ಅಜ್ಜಿ ಎಲ್ಲಿ ಕೊಂಡದ್ದು, ಆಮೇಲೆ ವಿಚಾರಿಸೋಣ. ನನ್ನ ಕತೆ ನಂಬಬೇಡಿ, ಬೇಕಾದರೆ ನಕ್ಕುಬಿಡಿ. ಸರ ಮಾತ್ರ ಬಿಚ್ಚಿ ಈ ಅಂಗೈ ಮೇಲೆ ಇಟ್ಟು ಹೋಗಿ.