ಮೂರು ಗಂಟೆಯ ಜ್ವರ

ತಿರುವನಂತಪುರದ ಏಪ್ರಿಲ್ ಸೆಖೆಯಲ್ಲಿ ಗಂಡಸರ ಉಣ್ಣೆಕೋಟು ತೊಟ್ಟು, ತೋಳನ್ನು ಮೊಣಕೈವರೆಗೆ ಮಡಚಿ, ಯಾರನ್ನೋ ಬೈಯಲು ಹೊತ್ತಾಯಿತೆಂಬ ನಡಿಗೆಯಲ್ಲಿ ಚಾಲೈ ಪೇಟೆಯನ್ನು ದಾಟುತ್ತಿದ್ದ ಹೆಂಗಸೆಂದರೆ ರಾಜೀವಿಯೊಬ್ಬರೇ. ಕಂಪ್ಯೂಟರ್ ಕೋಣೆಯ ಚಳಿಗೆಂದು ಕೊಂಡ ಕೋಟನ್ನು ಹೊರಬಂದೊಡನೆ ಕಳಚಬೇಕೆಂಬ ಲೋಕನಿಯಮಕ್ಕೆ ಅವರ ಸಮ್ಮತಿಯಿರಲಿಲ್ಲ. ಉಡುಪಿ ಕಡೆಯವರು, ೧೯೭೪ರಲ್ಲಿ ಯಂತ್ರದ ದುರಸ್ತಿಗೆಂದು ನಮ್ಮ ಪಟ್ಟಂ ಕಚೇರಿಗೆ ಬಂದರು.

ಆ ಯಂತ್ರವೋ, ದಿನ ಬಿಟ್ಟು ದಿನ ಮಧ್ಯಾಹ್ನ ಮೂರರ ಸುಮಾರಿಗೆ ಸ್ತಬ್ಧವಾಗುತ್ತಿತ್ತು. ಆಪರೇಟರನಾದ ನಾನು ಕಚೇರಿಯ ಪದ್ಧತಿಯಂತೆ ರಿಜಿಸ್ಟರಿನಲ್ಲಿ ‘ಪ್ರೋಗ್ರಾಂ ದೋಷ’ ಎಂದು ಗೀಚಿ ಕೈತೊಳೆದುಕೊಳ್ಳುತ್ತಿದ್ದೆ. ಆ ಹೊತ್ತಿನಲ್ಲಿ ಓಡುತ್ತಿದ್ದದ್ದು ಸುಮಿತ್ರಾ ಬರೆದ ಪ್ರೋಗ್ರಾಂ. ಆಕೆ ಹೊಸಬಳು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನಾನು ಹತ್ತೊಂಬತ್ತು ಸಲ ಹಾಗೆ ಬರೆದ ಮೇಲೆ ಆಕೆಯನ್ನು ಮನೆಗೆ ಕಳಿಸುವ ಪತ್ರ ನಮ್ಮ ಮುಖ್ಯಸ್ಥ ಉಪೇಂದ್ರ ಪೈಗಳ ಮೇಜಿನ ಮೇಲೆ ಸಿದ್ಧವಾಯಿತು. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ತಲಾ ಒಂದೋ ಸೊನ್ನೆಯೋ ನೆನಪಿಡುವ, ಸಾಸಿವೆಯಷ್ಟು ಸಣ್ಣ ಕಾಂತದ ಉಂಗುರಗಳನ್ನು ತಂತಿಗಳಲ್ಲಿ ಪೋಣಿಸಿದ ಜಾಲರಿಯೇ ಆ ಯಂತ್ರದ ಮೆಮೊರಿ. ಅದರ ಪರೀಕ್ಷೆ ನಡೆಯುತ್ತಿದ್ದದ್ದು ಬೆಳಿಗ್ಗೆ ಎಂಟಕ್ಕೆ, ಕೋಣೆ ತಣ್ಣಗಿರುವಾಗ. ಫಲಿತಾಂಶ ಸದಾ ನಿರ್ದೋಷ.

“ಬೆಳಿಗ್ಗೆ ಮೈ ತಣ್ಣಗುಂಟು ಅಂತ ಸಂಜೆಯ ಜ್ವರ ಸುಳ್ಳಾಗ್ತದಾ?” ಎಂದರು ರಾಜೀವಿ. ಮಧ್ಯಾಹ್ನದ ಬಿಸಿಲಿಗೆ ಕೋಣೆಯ ಪಡುವಣ ಗೋಡೆ ಕಾದಾಗ ಯಾವುದೋ ಒಂದು ಉಂಗುರ ತನ್ನೊಳಗಿನದನ್ನು ಮರೆಯುತ್ತಿದೆಯೆಂಬುದು ಅವರ ಗುಮಾನಿ. ಮಧ್ಯಾಹ್ನದ ಪರೀಕ್ಷೆಗೆ ಅನುಮತಿ ಕೇಳಿದರು. ಪೈಗಳು ಕೊಡಲಿಲ್ಲ.

ಮರುದಿನ ಎರಡೂವರೆಗೆ ರಾಜೀವಿ, ಸುಮಿತ್ರಾಳ ಪ್ರೋಗ್ರಾಂ ತೆಗೆಸಿ, ಯಂತ್ರದ ಮುಂದಿನ ಕುರ್ಚಿಯಲ್ಲಿ ಕೂತೇಬಿಟ್ಟರು. ಎಲ್ಲ ಉಂಗುರಗಳಲ್ಲೂ ‘ಒಂದು’ ತುಂಬಿ ಮರಳಿ ಓದಿಸುವುದು, ಮತ್ತೆ ತುಂಬುವುದು, ಮತ್ತೆ ಓದಿಸುವುದು. ಪೈಗಳು ಓಡಿಬಂದು, “ಮೊದಲು ಏಳಿ” ಎಂದರು.

“ಮುಗಿಯದೆ ಏಳುದಿಲ್ಲ ಸಾರ್. ಬೇಕಾದರೆ ಮೆಮೊ ಕೊಡಿ.”

ಮೂರು ಹತ್ತಕ್ಕೆ ಕಾಗದದ ಮೇಲೆ ಖಟಖಟನೆ ಒಂದೇ ಉಂಗುರದ ವಿಳಾಸ ಪುನಃಪುನಃ ಮೂಡತೊಡಗಿತು: ಇಟ್ಟದ್ದು ಒಂದು, ಸಿಕ್ಕಿದ್ದು ಸೊನ್ನೆ.

“ಇದನ್ನೂ ಸುಮಿತ್ರಾ ಬರೆದದ್ದಾ ಸಾರ್?”

ಪೈಗಳು ತಮ್ಮ ಮೇಜಿಗೆ ಮರಳಿದರು. ಸುಮಿತ್ರಾಳ ಪತ್ರವನ್ನು ಹರಿದುಹಾಕಿದರು, ರಾಜೀವಿಯವರಿಗೆ ಆಜ್ಞೋಲ್ಲಂಘನೆಯ ಮೆಮೊವನ್ನು ಮಾತ್ರ ಕೊಟ್ಟೇ ಕೊಟ್ಟರು. ತಿಂಗಳೊಳಗೆ ಕೊಚ್ಚಿಗೆ, ಪಾಲಾರಿವಟ್ಟಂ ಶಾಖೆಗೆ ವರ್ಗವೂ ಆಯಿತು. ಹೊರಡುವ ದಿನ ರಾಜೀವಿ ರಿಜಿಸ್ಟರನ್ನು ನನ್ನ ಮುಂದೆ ತೆರೆದಿಟ್ಟು, “ಬರೆದದ್ದು ನೀವು, ಹೊಡೆದುಹಾಕುವುದೂ ನೀವೇ” ಎಂದರು. ಹತ್ತೊಂಬತ್ತನ್ನೂ ಹೊಡೆದುಹಾಕಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ತಪ್ಪು ಯಾರದೆಂದು ಕೇಳುವವರು ಪ್ರತಿ ಕಚೇರಿಯಲ್ಲೂ ಹೇರಳ. ತಪ್ಪು ಎಲ್ಲಿದೆಯೆಂದು ಬೆವರು ಸುರಿಸಿ ಹುಡುಕುವ ರಾಜೀವಿಯಂಥವರು ವಿರಳ. ಅವರನ್ನು ನಾವು ಒರಟರೆನ್ನುತ್ತೇವೆ, ಹಟಮಾರಿಗಳೆನ್ನುತ್ತೇವೆ. ನಮ್ಮ ಹೇಡಿತನಕ್ಕೆ ಸೌಜನ್ಯವೆಂದು ಹೆಸರಿಟ್ಟುಕೊಂಡ ನಮಗೆ ಅವರು ಬೇರೆ ಹೇಗೆ ತಾನೆ ಕಂಡಾರು?