ಕೆಳಗಿನ ಸಾಲು

"ಆ ಕಡೆಗಲ್ಲ ಕಣೋ, ಈ ಕಡೆಗೆ," ಎಂದು ಗುಮಾಸ್ತರ ಹೆಂಡತಿ ತಮ್ಮನ ಕೈಯಿಂದ ಬಾಚಣಿಗೆ ಕಿತ್ತುಕೊಂಡರು. "ಮೂವತ್ತು ವರ್ಷದಿಂದ ನೋಡ್ತಿದ್ದೀಯ. ನಿಮ್ಮ ಭಾವ ಬೈತಲೆ ಯಾವ ಕಡೆ ತೆಗೀತಿದ್ರು ಅನ್ನೋದೂ ಗೊತ್ತಿಲ್ವಾ?"

"ನಾನು ನೋಡಿದ್ದು ಎದುರಿಗೆ ಕೂತು, ಅಕ್ಕ. ಎದುರಿಗೆ ಕೂತವನಿಗೆ ಎಲ್ಲಾ ತಿರುಗುಮುರುಗು."

"ಸಾಕು ಸುಮ್ನಿರು. ಅವರ ಮುಂದೆ ವಾದ ಬೇಡ."

"ಭಾವ ಯಾವತ್ತಾದ್ರೂ ವಾದಕ್ಕೆ ಸಿಕ್ಕಿದ್ರಾ? ಏನಂದ್ರೂ 'ಹಾಗೇ ಆಗ್ಲಿ' ಅಂತಿದ್ರು," ಎಂದ ತಮ್ಮ. ಎಂದವನೇ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದ.

ಶಾಲೆಯಿಂದ ತಂದ ಎರಡು ಬೆಂಚುಗಳ ಮೇಲೆ ಗುಮಾಸ್ತರ ಶವಪೆಟ್ಟಿಗೆಯಿತ್ತು. ಒಂದು ಬೆಂಚಿನ ಅಂಚಿನಲ್ಲಿ ಯಾವುದೋ ಮಗು ಕಂಪಾಸಿನ ಮೊನೆಯಿಂದ ಕೊರೆದ ಗುಣಾಕಾರ ಕಾಣಿಸುತ್ತಿತ್ತು. ಉತ್ತರ ತಪ್ಪಿತ್ತು. ಶಾಲೆಯ ಹೆಸರಿನ ಹೂಚಕ್ರ ಹಿಡಿದು ಬಾಗಿಲ ಬಳಿ ನಿಂತಿದ್ದ ಹೆಡ್‌ಮಿಸ್ಸು ಅದನ್ನೇ ನೋಡುತ್ತಿದ್ದಳು. ಆಕೆಗೆ ಮೂವತ್ತೆರಡು ವಯಸ್ಸು. ಹಳೆಯ ಸಿಸ್ಟರ್ ವಯಸ್ಸಾಗಿ ಕಾನ್ವೆಂಟಿಗೆ ಹಿಂತಿರುಗಿದ ಮೇಲೆ ಆ ಕುರ್ಚಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಬೆಳಗಿನಿಂದ ಅಂಗಳ ಗುಡಿಸುತ್ತಿದ್ದ ಶಾಲೆಯ ಆಯಾ ಪೊರಕೆಯನ್ನು ಗೋಡೆಗೆ ಒರಗಿಸಿ ಹತ್ತಿರ ಬಂದಳು.

"ಮಿಸ್, ಇವತ್ತು ಕೇಳಬಾರದು. ಆದ್ರೂ... ಪತ್ರ ಬಂತಾ?"

"ಇನ್ನೂ ಇಲ್ಲ."

"ಕಚೇರಿ ಫಾದರ್ ಇವತ್ತು ಮಣ್ಣಿಗೆ ಬರ್ತಾರಂತಲ್ಲ. ನೀವೊಂದು ಮಾತು..."

"ಕೇಳ್ತೀನಿ. ಎಲ್ಲಾ ಮುಗೀಲಿ."

"ನನ್ ನಾದಿನಿ ದಿನಾ ಹೇಳಿ ಕಳಿಸ್ತಾಳೆ, ಹೊಲಿಗೆ ಅಂಗಡೀಲಿ ಗುಂಡಿ ಹಚ್ಚೋ ಕೆಲಸ ಇದೆ, ಹುಡುಗೀನ ಕಳಿಸು ಅಂತ. ನಾನು ಅಂದೆ, ಇಲ್ಲ ಕಣಮ್ಮ, ಗುಮಾಸ್ತರು ನಮ್ಮನೆಗೆ ಬಂದು ಕೂತು ಹೋಗಿದಾರೆ, ಅವಳು ಓದೋಳು ಅಂತ." ಆಯಾ ದನಿ ಇನ್ನಷ್ಟು ತಗ್ಗಿಸಿದಳು. "ಅಂದಿದ್ದು ತಪ್ಪಾ ಮಿಸ್?"

"ತಪ್ಪೇನಿಲ್ಲ."

ಅವರ ಶಾಲೆ ಏಳನೆಯ ತರಗತಿಗೇ ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ಸಿಸ್ಟರುಗಳ ಹೈಸ್ಕೂಲು, ಅಲ್ಲಿಯ ಹಾಸ್ಟೆಲು. ಅಂಥವೇ ಐದು ಸಣ್ಣ ಶಾಲೆಗಳು ಸೇರಿ ವರ್ಷಕ್ಕೆ ಮೂರು ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಿಸುತ್ತಿದ್ದವು. ಆಯ್ಕೆ ಧರ್ಮಪ್ರಾಂತ್ಯದ ಕಚೇರಿಯದು; ಅದನ್ನು ನೋಡಿಕೊಳ್ಳುವವರೇ ಕಚೇರಿಯ ಫಾದರ್.

"ಒಳಗೆ ಬನ್ನಿ ಮಿಸ್," ಎಂದು ಗುಮಾಸ್ತರ ಹೆಂಡತಿ ಕರೆದರು. ಸುತ್ತ ಕುಳಿತಿದ್ದ ಹೆಂಗಸರಿಗೆ ಆಕೆಯನ್ನು ತೋರಿಸಿದರು. "ಇವರೇ ಸಾಕ್ಷಿ. ಮೂರು ವಾರ ಬಾಯಿಗೆ ಒಂದೇ ಒಂದು ಮಾತು ಬರ್ತಿತ್ತು ಅವರಿಗೆ. ಅದೂ ಪ್ರಾರ್ಥನೇದು. ಎಷ್ಟು ಜನಕ್ಕೆ ಆ ಪುಣ್ಯ ಇದೆ ಹೇಳಿ?"

"ಹೌದಮ್ಮ," ಎಂದಳು ಹೆಡ್‌ಮಿಸ್ಸು. ಆಗ ಅವಳೂ ಅದನ್ನು ನಂಬಿದ್ದಳು.

*

ಹಾಜರಿ ಪುಸ್ತಕ, ವರ್ಗಾವಣೆ ಪತ್ರ, ಗಂಟೆ ಹೊಡೆಯುವವನು ಬಾರದ ದಿನ ಗಂಟೆ: ಗುಮಾಸ್ತರ ಕೆಲಸ ಇಷ್ಟೇ ಎಂದು ಎಲ್ಲರೂ ತಿಳಿದಿದ್ದರು. ಅರ್ಜಿ ಹಾಕಿದ ಮಕ್ಕಳ ಮನೆಗೆ ಅವರು ಸಂಜೆ ಹೋಗುತ್ತಿದ್ದುದು ಯಾರೂ ಹೇಳಿದ ಕೆಲಸವಲ್ಲ. ಹೋಗಿ ಒಂದು ಲೋಟ ನೀರು ಕೇಳುವರು. ತೋರಿಸಿದ ಕಡೆ ಕೂರುವರು. "ಎಲ್ಲಿ ಕೂತು ಓದ್ತೀಯ ಮಗೂ?" ಎನ್ನುವರು. ಮಗು ತೋರಿಸಿದ ಜಾಗದಲ್ಲಿ ತಾವೂ ಒಂದು ಗಳಿಗೆ ಕೂತು, ಅಲ್ಲಿಗೆ ಯಾರ ಗದ್ದಲ ಎಷ್ಟು ಕೇಳಿಸುತ್ತದೆ ಎಂದು ಕಿವಿಗೊಟ್ಟು ಎದ್ದು ಬರುವರು.

ಆಯಾಳ ಮಗಳು ಓದುತ್ತಿದ್ದುದು ಪಕ್ಕದ ಮನೆಯವರ ಮೆಟ್ಟಿಲ ಮೇಲೆ. ಗುಮಾಸ್ತರು ಅಲ್ಲಿಯೂ ಹೋಗಿ ಕೂತರು. ಆ ಮನೆಯಾಕೆ ಬಾಗಿಲು ತೆಗೆದು, "ಯಾರ್ರೀ ನೀವು, ಏನ್ ಬೇಕು?" ಎಂದು ಗದರಿದಾಗ, "ಏನೂ ಇಲ್ಲಮ್ಮ, ಓದೋಕೆ ಬರುತ್ತಾ ಅಂತ ನೋಡ್ತಿದ್ದೆ," ಎಂದು ಗಡಬಡಿಸಿ ಎದ್ದರಂತೆ. ಅರವತ್ತರ ಹತ್ತಿರದ ಗಂಡಸು ಓದಲು ಬರುತ್ತದೆಯೇ ಎಂದು ಮೆಟ್ಟಿಲ ಮೇಲೆ ಪರೀಕ್ಷೆ ಮಾಡಿಕೊಂಡ ಕತೆ ಹೇಳಿ ಆಯಾ ಒಂದು ವಾರ ನಕ್ಕಿದ್ದಳು.

ಹೆಡ್‌ಮಿಸ್ಸು ಆಗಷ್ಟೇ ನಾಯಕತ್ವದ ತರಬೇತಿ ಮುಗಿಸಿ ಬಂದಿದ್ದಳು. ಐದೂ ಶಾಲೆಗಳ ಮುಖ್ಯಸ್ಥರು ಮೂರು ವಾರ ಒಟ್ಟಿಗೆ ಕೂತು, ಇನ್ನು ಮೇಲೆ ಶಿಫಾರಸು ಪತ್ರ ಎಲ್ಲ ಕಡೆಯಿಂದಲೂ ಒಂದೇ ನಮೂನೆಯಲ್ಲಿ ಹೋಗಬೇಕೆಂದು ಒಪ್ಪಿದ್ದರು. ಆ ನಮೂನೆಯನ್ನು ಬರೆದವಳು ಅವಳೇ. ಓದಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಆಯಾಳ ಮಗಳಿಗಾಗಿ ಟೈಪಾದ ಪತ್ರವನ್ನು ಗುಮಾಸ್ತರು ಎರಡು ಸಲ ಓದಿ ಕನ್ನಡಕ ತೆಗೆದರು.

"ಸಹಿ ಕೆಳಗೆ ನಾನೊಂದು ಸಾಲು ಬರೀತಿದ್ದೆ ಮಿಸ್."

"ಗೊತ್ತು ಸಾರ್. ಹಳೇ ಪತ್ರ ಒಂದೆರಡರಲ್ಲಿ ನೋಡಿದೆ. 'ಈ ಮಗುವನ್ನು ನಾನು ಬಲ್ಲೆ' ಅಂತ. ಆದ್ರೆ ಸಹಿ ಆದ ಮೇಲೆ ಬೇರೆ ಕೈಬರಹ ಇರೋ ಹಾಗಿಲ್ಲ ಈಗ. ಅದೂ ಅಲ್ದೆ, ನಮ್ಮ ಶಾಲೆ ಮಗು ನಮಗೆ ಗೊತ್ತಿಲ್ದೆ ಇರುತ್ತಾ ಸಾರ್?"

"ಅದು ಹಾಗಲ್ಲ..."

"ಹೇಗೆ ಹೇಳಿ?"

ಅವರು ಬಾಗಿಲ ಕಡೆ ನೋಡಿದರು, ಮೇಜಿನ ಕಡೆ ನೋಡಿದರು. "ಕಚೇರಿ ಫಾದರನ್ನ ಒಂದು ಮಾತು ಕೇಳಿ ಹೇಳ್ತೀನಿ. ಅವರಿಗೆ ಮಾತು ಕೊಟ್ಟಿದ್ದೀನಿ."

"ಪತ್ರ ಇವತ್ತೇ ಅಂಚೆಗೆ ಬೀಳಬೇಕಲ್ಲ ಸಾರ್."

"ಹಾಗೇ ಆಗ್ಲಿ," ಎಂದರು ಗುಮಾಸ್ತರು. ಲಕೋಟೆಗೆ ತಾವೇ ಅಂಟು ಹಚ್ಚಿ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿದರು. "ಸೋಮವಾರ ನಾನೇ ಒಂದ್ಸಲ ಕಚೇರಿಗೆ ಹೋಗಿ ಬರ್ತೀನಿ."

ಭಾನುವಾರ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲು ಇಳಿಯುವಾಗ ಬಿದ್ದರು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು.

*

ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿಯಾಗಿತ್ತು. ಉಳಿದದ್ದನ್ನು ಗುದ್ದಲಿಯವರು ಎಳೆದು ತುಂಬುತ್ತಿದ್ದರು. ಕಚೇರಿಯ ಫಾದರ್ ಕನ್ನಡಕ ಒರೆಸುತ್ತಾ ಸ್ಮಶಾನದ ಗೋಡೆಯ ನೆರಳಿಗೆ ಬಂದು ನಿಂತರು. ಬಸ್ಸು ತಡವಾಗಿ, ಕೊನೆಯ ಪ್ರಾರ್ಥನೆಗಷ್ಟೇ ಬಂದು ಸೇರಿದ್ದರು ಅವರು.

"ನಮ್ಮ ಕಚೇರೀಲಿ ಇವರಿಗೆ ಬಲ್ಲೆನಪ್ಪ ಅಂತಾನೇ ಹೆಸರು," ಎಂದರು, ನಗಲೋ ಬೇಡವೋ ಎಂಬಂತೆ.

"ಬಲ್ಲೆನಪ್ಪನಾ?" ಎಂದ ಗುಮಾಸ್ತರ ಭಾವಮೈದುನ. "ಮನೇಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತಾನೂ ಬಲ್ಲವರಲ್ಲ ಫಾದರ್, ನಮ್ಮ ಭಾವ."

ಫಾದರ್ ಈಗ ನಕ್ಕೇಬಿಟ್ಟರು. "ಇನ್ನು ಹೇಳಿದ್ರೆ ತಪ್ಪಿಲ್ಲ ಬಿಡಿ. ಹದಿನೈದು ವರ್ಷದ ಹಿಂದೆ ನಾನು ಆ ಕೆಲಸಕ್ಕೆ ಹೊಸಬ. ಬಂದ ಪತ್ರದಲ್ಲೆಲ್ಲಾ ಎಲ್ಲಾ ಮಕ್ಕಳೂ ಚಿನ್ನ. ಯಾರನ್ನ ನಂಬೋದು? ಇವರೊಬ್ಬರು ಮಾತ್ರ ಕೆಲವು ಪತ್ರದ ಕೆಳಗೆ ಒಂದು ಸಾಲು ಬರೀತಿದ್ರು, ಕೆಲವಕ್ಕೆ ಇಲ್ಲ. ಏನಿದು ಅಂತ ಕೇಳಿದೆ. 'ಮನೆಗೆ ಹೋಗಿ ಕೂತು ಬಂದು, ಈ ಮಗು ಓದು ನಿಲ್ಲಬಾರದು ಅನ್ನಿಸಿದ್ರೆ ಮಾತ್ರ ಬರೀತೀನಿ ಫಾದರ್' ಅಂದ್ರು. ಯಾರಿಗೂ ಹೇಳ್ಬೇಡಿ, ಹೇಳಿದ್ರೆ ಎಲ್ಲರೂ ಬಂದು ಬರೆಸ್ಕೊಳ್ತಾರೆ ಅಂತ ನಾನೇ ಮಾತು ತಗೊಂಡಿದ್ದೆ. ಆಮೇಲೆ ನಾವು ನಿಮ್ಮ ಶಾಲೆ ಪತ್ರಾನ ಕೆಳಗಿಂದ ಮೇಲಕ್ಕೆ ಓದೋದು ರೂಢಿಯಾಯ್ತು."

ಭಾವಮೈದುನ ಕಣ್ಣೊರೆಸಿಕೊಂಡು ಅಕ್ಕನ ಬಳಿಗೆ ನಡೆದ. ಹೆಡ್‌ಮಿಸ್ಸು ಒಂದು ಹೆಜ್ಜೆ ಹತ್ತಿರ ಬಂದಳು.

"ಈ ವರ್ಷ, ಫಾದರ್?"

"ಈ ವರ್ಷ ಕೆಳಗೆ ಏನೂ ಇರ್ಲಿಲ್ಲ. ಮೂರನೇ ಸೀಟಿಗೆ ನಿಮ್ಮ ಆಯಾ ಮಗಳು, ಇನ್ನೊಂದು ಶಾಲೆ ಹುಡುಗಿ, ಇಬ್ಬರೂ ಸಮಸಮ ನಿಂತರು. ಅಂಕ ಒಂದೇ, ಪತ್ರದ ಮಾತೂ ಒಂದೇ. ಹಾಳೆ ತಿರುಗಿಸಿ ಬೆನ್ನೂ ನೋಡಿದೆ ನಾನು. ಅವರನ್ನೇ ಕೇಳೋಣ ಅಂದ್ರೆ ಆಸ್ಪತ್ರೇಲಿ ಮಾತಿಲ್ದೆ ಮಲಗಿದ್ರು. ಹೋಗಿ ನೋಡಿಯೂ ಬರೀಲಿಲ್ಲ ಅಂದ್ರೆ ಏನೋ ಕಾರಣ ಇರಬೇಕು ಅಂದುಕೊಂಡು ಇನ್ನೊಬ್ಬಳಿಗೆ ಕೊಟ್ವಿ."

"ಅವರು ಬರೀತೀನಿ ಅಂದ್ರು. ನಾನು ಬಿಡಲಿಲ್ಲ."



"ಆ ನಮೂನೆಗೆ ನಾನೂ ಒಪ್ಪಿಗೆ ಹಾಕಿದ್ದೆ," ಎಂದರು ಫಾದರ್. "ಹಾಕುವಾಗ ಹೊಳೀಲೇ ಇಲ್ಲ, ನೋಡಿ."

"ಪಟ್ಟಿ ತಿದ್ದಬಹುದಲ್ವಾ?"

"ಯಾರ ಹೆಸರು ಹೊಡೆದು? ಆ ಇನ್ನೊಂದು ಹುಡುಗಿಗೆ ನಿನ್ನೆಯೇ ಪತ್ರ ತಲುಪಿದೆ. ತಾಯಿ ಇಲ್ಲದ ಮಗು. ಅಜ್ಜ ಫೋನ್ ಮಾಡಿ ಮಾತಾಡೋಕಾಗ್ದೆ ಅತ್ತುಬಿಟ್ಟರು. ಅವರಿಗೆ ಏನಂತ ಹೇಳ್ಲಿ?"

"ಹಾಸ್ಟೆಲಲ್ಲಿ ಇನ್ನೊಂದು ಮಂಚ..."

"ಈಗಲೇ ಒಂದೊಂದು ಮಂಚದಲ್ಲಿ ಇಬ್ಬಿಬ್ಬರು ಮಲಗ್ತಿದಾರೆ. ಸಿಸ್ಟರನ್ನ ಹೋದ ತಿಂಗಳು ನಾನೇ ಬೇಡಿಕೊಂಡಿದ್ದೆ."

"ಹಾಗಾದ್ರೆ ಮುಂದಿನ ವರ್ಷ?"

"ಏಳು ಮುಗಿಸಿ ವರ್ಷ ಕಳೆದವರನ್ನ ತಗೊಳ್ಳೋ ಹಾಗಿಲ್ಲವಲ್ಲ. ನಿಮ್ಮ ನಮೂನೇಲೇ ಇದೆ ಅದು, ನಾಲ್ಕನೇ ಸಾಲು." ಹೇಳಿಬಿಟ್ಟ ಮೇಲೆ ಫಾದರ್ ತಲೆ ತಗ್ಗಿಸಿ ಶೂಗೆ ಅಂಟಿದ ಮಣ್ಣನ್ನು ಗೋಡೆಗೆ ಒರೆಸತೊಡಗಿದರು.

*

ಆಸ್ಪತ್ರೆಯ ಹಾಸಿಗೆಯಲ್ಲಿ ಗುಮಾಸ್ತರು ಹೆಡ್‌ಮಿಸ್ಸನ್ನು ಕಂಡ ಕೂಡಲೇ ಎಡಗೈ ಚಾಚಿದ್ದರು. ಅವಳು ಹಿಡಿದುಕೊಂಡಳು. "ಬಲ್ಲೆ," ಎಂದರು. ಒಂದು ಕಡೆ ಜೋತುಬಿದ್ದ ತುಟಿಯಲ್ಲಿ ಆ ಎರಡು ಅಕ್ಷರ ಒದ್ದೆಯಾಗಿ ಹೊರಬಂದವು. "ಬಲ್ಲೆ... ಬಲ್ಲೆ."

"ಇದೊಂದೇ ಮಾತು," ಎಂದಿದ್ದರು ಹೆಂಡತಿ. "ಮದುವೆಯಾದಾಗಿನಿಂದ ಸಂಜೆ ಪ್ರಾರ್ಥನೆ ಹೀಗೇ ಮುಗಿಸೋದು ಅವರು, 'ಸ್ವಾಮಿ, ನೀನೇ ಬಲ್ಲೆ' ಅಂತ. ದೇವರಿಗೆ ಬಿಟ್ಟುಬಿಟ್ಟಿದ್ದಾರೆ ಎಲ್ಲಾ."

 ಹೆಡ್‌ಮಿಸ್ಸು ಅವರ ಕಿವಿಯ ಬಳಿ ಬಾಗಿ, ಮಗುವಿಗೆ ಹೇಳಿಕೊಡುವಂತೆ ಸಾಲನ್ನು ತಾನೇ ಪೂರ್ತಿ ಮಾಡಿದ್ದಳು: "ನೀನೇ ಬಲ್ಲೆ, ಸ್ವಾಮಿ. ನೀನೇ ಬಲ್ಲೆ."

ಗುಮಾಸ್ತರು ತಲೆಯಾಡಿಸಿದ್ದರು. ಹೌದೆಂದು ಅಲ್ಲ, ಅತ್ತಿತ್ತ. ಕೈ ಬಿಡಿಸಿಕೊಂಡು ಬೆರಳಿನಿಂದ ತಮ್ಮ ಎದೆ ಮುಟ್ಟಿ ಮುಟ್ಟಿ ತೋರಿಸಿದ್ದರು. ಆಮೇಲೆ ಹೊದಿಕೆಯ ಮೇಲೆ ಬೆರಳನ್ನು ಎಡದಿಂದ ಬಲಕ್ಕೆ ಒಂದೇ ಗೆರೆಯಾಗಿ ಎಳೆದಿದ್ದರು. ಎದೆ ನೋಯುತ್ತಿರಬೇಕೆಂದು ಹೆಂಡತಿ ನರ್ಸನ್ನು ಕೂಗಿದ್ದರು. ನರ್ಸು ಬಂದು ದಿಂಬು ಸರಿಪಡಿಸಿ ಹೋದಳು. ಅವರ ಎಡಗಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಭಕ್ತಿಯ ಕಣ್ಣೀರು ಎಂದು ಹೆಂಗಸರಿಬ್ಬರೂ ಶಿಲುಬೆಯ ಗುರುತು ಹಾಕಿಕೊಂಡರು.

ಆಗಲೂ ಕಚೇರಿಯವರು ಪಟ್ಟಿ ಮಾಡಲು ಕುಳಿತಿರಲಿಲ್ಲ. ಅದಕ್ಕಿನ್ನೂ ಐದು ದಿನವಿತ್ತು.

*

ಗುಮಾಸ್ತರ ಹೆಂಡತಿ ತಮ್ಮನ ತೋಳು ಹಿಡಿದು ಗೋಡೆಯ ಬಳಿಗೆ ಬಂದರು.

"ಫಾದರ್, ಕಲ್ಲಿನ ಮೇಲೆ ಅವರ ಕೊನೇ ಮಾತು ಬರೆಸೋಣ ಅಂತಿದೀನಿ. 'ನೀನೇ ಬಲ್ಲೆ' ಅಂತ. ಬರೆಸ್ಬಹುದಾ?"

ಫಾದರ್ ಹೆಡ್‌ಮಿಸ್ಸಿನ ಮುಖ ನೋಡಿದರು. ಅವಳಿಗೆ ಏನು ಗೊತ್ತಾಗಿದೆಯೋ ಅದು ಅವರಿಗೂ ಗೊತ್ತಾದಂತಿತ್ತು.

"ಬರೆಸಿ ಅಮ್ಮ."

"ಇವರೂ ಇದ್ರು ಅವತ್ತು. ಕೈ ಹಿಡ್ಕೊಂಡೇ ಅಂದ್ರಲ್ಲ? ನನಗೆ ಉಳಿದಿರೋ ಸಮಾಧಾನ ಅದೊಂದೇ. ಫಾದರ್‌ಗೆ ಹೇಳಿ ಮಿಸ್."

"ಹೌದಮ್ಮ," ಎಂದಳು ಹೆಡ್‌ಮಿಸ್ಸು. "ಹಾಗೇ ಅಂದ್ರು."

ಗುಮಾಸ್ತರ ಹೆಂಡತಿ ಅವಳ ಕೆನ್ನೆ ಸವರಿ, "ಅತ್ತುಬಿಡಿ, ತಡಕೋಬೇಡಿ," ಎಂದು ತಾವೇ ಸಂತೈಸಿದರು.

ಆಯಾ ಸ್ಮಶಾನದಲ್ಲಿ ಕಾಣಲಿಲ್ಲ. ಮಗಳನ್ನು ಕರೆದುಕೊಂಡು ಮುಂಚೆಯೇ ಹೋದಳೆಂದು ಯಾರೋ ಹೇಳಿದರು. ಅವಳ ಮನೆ ಎಲ್ಲಿ ಎಂದು ಹೆಡ್‌ಮಿಸ್ಸು ಮೂರು ಕಡೆ ಕೇಳಬೇಕಾಯಿತು. ಬೇಕರಿಯ ಹಿಂದಿನ ಓಣಿ, ನೀರಿನ ಟ್ಯಾಂಕಿನ ಕೆಳಗೆ ಒಂದೇ ಕೋಣೆ. ದಾರಿಯುದ್ದಕ್ಕೂ ಮೊದಲ ಮಾತು ಏನೆಂದು ಹುಡುಕಿದಳು. 

"ಅಯ್ಯೋ ಮಿಸ್! ನೀವೇ ಬಂದ್ರಾ? ಕೂತ್ಕೊಳ್ಳಿ... ಅಲ್ಲಿ ಬೇಡ, ಅಲ್ಲಿ ಬೇಡ, ಬಣ್ಣ ಹಸಿ!"

ಕೋಣೆಯ ನಡುವೆ ಹಸಿರು ತಗಡಿನ ಟ್ರಂಕು. ಹುಡುಗಿ ಅದರ ಮುಂದೆ ಮಂಡಿಯೂರಿ, ನಾಲಗೆಯ ತುದಿ ಕಚ್ಚಿಕೊಂಡು, ಸಣ್ಣ ಕುಂಚದಿಂದ ಮುಚ್ಚಳದ ಮೇಲೆ ಬಿಳಿಯ ಬಣ್ಣದಲ್ಲಿ ತನ್ನ ಹೆಸರು ಬರೆಯುತ್ತಿದ್ದಳು.

"ಹಾಸ್ಟೆಲಲ್ಲಿ ಟ್ರಂಕಿಗೆ ಹೆಸರಿರಲೇಬೇಕಂತೆ," ಎಂದಳು ಆಯಾ. "ಪತ್ರ ಬಂದ ಮೇಲೆ ಬರಿ ಅಂದ್ರೆ ಕೇಳೋದಿಲ್ಲ ಇವಳು. ಫಾದರ್ ಸಿಕ್ಕಿದ್ರಾ ಮಿಸ್? ಏನಂದ್ರು?"

ಹೆಡ್‌ಮಿಸ್ಸು ಹೊಸ್ತಿಲ ಮೇಲೆಯೇ ನಿಂತು ಬಾಯಿ ತೆರೆದಳು.

"ಒಂದ್ನಿಮಿಷ ಅಮ್ಮ, ಮಾತಾಡಿಸ್ಬೇಡ, ಕೈ ಅಲ್ಲಾಡುತ್ತೆ," ಎಂದಳು ಹುಡುಗಿ ತಲೆಯೆತ್ತದೆ. "ಇನ್ನೊಂದೇ ಅಕ್ಷರ." ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿ, ಬಗ್ಗಿ, ತಡೆದಳು. "ಮಿಸ್, ಬೆಳಕಿಗೆ ಅಡ್ಡ ಆಗ್ತಿದೆ. ಒಂಚೂರು ಈ ಕಡೆ ಬರ್ತೀರಾ?"

ಹೆಡ್‌ಮಿಸ್ಸು ಗೋಡೆಗೆ ಒತ್ತಿಕೊಂಡು ಸರಿದು ನಿಂತಳು. ಬಾಗಿಲಿನ ಬೆಳಕು ಟ್ರಂಕಿನ ಮೇಲೆ ಪೂರ್ತಿಯಾಗಿ ಬಿತ್ತು. ಹುಡುಗಿ ಉಸಿರು ಬಿಗಿಹಿಡಿದು ಕುಂಚವನ್ನು ಕೆಳಗಿಳಿಸಿದಳು.